ಪೆಟ್ಟಿಗೆ ಸಣ್ಣದಾಯ್ತು, ಬೆಲೆ ಯಾಕೆ ಇಳಿಯಲಿಲ್ಲ?

ದೀಪಾವಳಿಗೆ ಇನ್ನೂ ಎರಡು ವಾರ ಇತ್ತು. ಅಣ್ಣನ ಮಗನನ್ನು ಕರೆದುಕೊಂಡು ಮುಂಬೈಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋಗಿದ್ದೆ. ಡೊಂಬಿವಲಿಯಿಂದ ದಾದರ್, ಅಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್. ಹತ್ತನೇ ಕ್ಲಾಸಿನಲ್ಲಿ ಒಳ್ಳೆ ಮಾರ್ಕ್ಸ್ ತಂದರೆ ಟಿವಿಗೆ ಹಾಕಿ ಗೇಮ್ ಆಡುವ ಪ್ಲೇಸ್ಟೇಷನ್ ಕೊಡಿಸ್ತೀವಿ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೆವು. ಹುಡುಗ ಮಾರ್ಕ್ಸ್ ತಂದಿದ್ದ. ಇನ್ನು ಮಾತು ಉಳಿಸಿಕೊಳ್ಳುವ ಸರದಿ ನಮ್ಮದು.

ಅಂಗಡಿಯವರು ಗಾಜಿನ ಕೌಂಟರ್ ಮೇಲೆ ಮೂರು ತಂದಿಟ್ಟರು. ಒಂದು 2021ರ ದಪ್ಪನೆಯ ಪಿಎಸ್ 5 (ಪ್ಲೇಸ್ಟೇಷನ್ 5), ಯಾರೋ ಆಡಿ ಮಾರಿದ್ದು. ಇನ್ನೊಂದು ಅದರದೇ ತೆಳ್ಳನೆಯ ಹೊಸ ರೂಪ, ಡಿಸ್ಕ್ ಹಾಕುವ ಸ್ಲಿಮ್. ಮೂರನೆಯದು ಡಿಸ್ಕ್ ಹಾಕಲು ಜಾಗವೇ ಇಲ್ಲದ ಡಿಜಿಟಲ್ ಸ್ಲಿಮ್. ಹುಡುಗ ಹಳೆಯದನ್ನು ಎರಡೂ ಕೈಯಲ್ಲಿ ಎತ್ತಿದ, ಇಳಿಸಿದ. ಆಮೇಲೆ ಹೊಸದನ್ನು ಎತ್ತಿದ. ಹಳೆಯದು ನಾಲ್ಕೂವರೆ ಕಿಲೋ, ಹೊಸದು ಮೂರು ಕಿಲೋ ಇನ್ನೂರು ಗ್ರಾಂ. ಕೈಗೆ ಗೊತ್ತಾಗುವಷ್ಟು ವ್ಯತ್ಯಾಸ.

"ಅತ್ತೆ, ಹೊಸದು ಇಷ್ಟು ಹಗುರ ಇದೆ. ಒಳಗೆ ಸಾಮಾನು ಕಮ್ಮಿ ಆಗಿದೆ ಅಂತ ತಾನೇ ಅರ್ಥ? ಮತ್ತೆ ಬೆಲೆ ಯಾಕೆ ಕಮ್ಮಿ ಆಗಿಲ್ಲ?"

ನಾನು ಇಪ್ಪತ್ತು ವರ್ಷದಿಂದ ಒಂದು ಕಾರ್ಖಾನೆಯ ಕಾಸ್ಟಿಂಗ್ ವಿಭಾಗದಲ್ಲಿ, ಅಂದರೆ ವಸ್ತು ಮಾಡುವ ಖರ್ಚಿನ ಲೆಕ್ಕ ನೋಡುತ್ತಿದ್ದೇನೆ. ಅವನು ಕೇಳಿದ್ದು ನಮ್ಮ ಮೀಟಿಂಗಿನಲ್ಲಿ ದಿನಾ ಬರುವ ಪ್ರಶ್ನೆ. ಒಂದು ವಸ್ತು ಮಾಡುವ ಖರ್ಚು ಇಳಿದಾಗ, ಆ ಉಳಿದ ದುಡ್ಡು ಯಾರ ಜೇಬಿಗೆ ಹೋಗಬೇಕು? ಕೊಳ್ಳುವವರಿಗೋ, ಮಾಡುವವರಿಗೋ? ಅಂಗಡಿಯಲ್ಲಿ ನಿಂತು ಅಷ್ಟನ್ನೂ ಹೇಳೋಕೆ ಆಗಲಿಲ್ಲ. ಮಕ್ಕಳು ಇದೇ ಪ್ರಶ್ನೆ ಕೇಳಿದಾಗ ಏನು ಹೇಳಬೇಕೆಂದು ತಿಳಿಯದ ತಂದೆ ತಾಯಿ ನಮ್ಮ ಬಿಲ್ಡಿಂಗಿನಲ್ಲೇ ಬೇಕಾದಷ್ಟು ಇದ್ದಾರೆ. ಅವರಿಗಾಗಿ ಇದನ್ನು ಮೊದಲಿಂದ ಬರೆಯುತ್ತಿದ್ದೇನೆ.

## ಕನ್ಸೋಲ್ ಅಂದ್ರೇನು, ಅದರ ಹೊಸ ರೂಪ ಅಂದ್ರೇನು

ಕನ್ಸೋಲ್ ಅಂದರೆ ಗೇಮ್ ಆಡುವುದಕ್ಕೆಂದೇ ಮಾಡಿದ ಕಂಪ್ಯೂಟರ್. ಹೆಚ್ಚಿನವನ್ನು ಟಿವಿಗೆ ಜೋಡಿಸಿ ಆಡುತ್ತಾರೆ. ಮೂರು ದೊಡ್ಡ ಹೆಸರು: ಸೋನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್, ನಿಂಟೆಂಡೊದ ಸ್ವಿಚ್.

ಮೊಬೈಲ್ ಫೋನಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ಫೋನು ವರ್ಷವರ್ಷ ಹೊಸದು ಬರುತ್ತದೆ, ವೇಗ ಹೆಚ್ಚುತ್ತದೆ. ಕನ್ಸೋಲ್ ಹಾಗಲ್ಲ. ಒಮ್ಮೆ ಬಂದರೆ ಆರೇಳು ವರ್ಷ ಅದೇ ಶಕ್ತಿ. 2020ರಲ್ಲಿ ಕೊಂಡವರಿಗೂ 2025ರಲ್ಲಿ ಕೊಂಡವರಿಗೂ ಅದೇ ಗೇಮ್ ಅದೇ ರೀತಿ ಓಡಬೇಕು. ಗೇಮ್ ಮಾಡುವವರಿಗೆ ಇದು ಬಹಳ ಅನುಕೂಲ. ಒಂದೇ ಯಂತ್ರ ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಬಹುದು.

ಈ ಆರೇಳು ವರ್ಷದ ನಡುವೆ ಕಂಪನಿ ಸುಮ್ನೆ ಕೂರುವುದಿಲ್ಲ. ಅದೇ ಯಂತ್ರವನ್ನು ಮತ್ತೆ ಮತ್ತೆ ಬಿಚ್ಚಿ ಜೋಡಿಸುತ್ತದೆ. ಕೆಲವೊಮ್ಮೆ ಹೊರಗೆ ಏನೂ ಕಾಣದೆ ಒಳಗಿನ ಭಾಗ ಮಾತ್ರ ಬದಲಾಗುತ್ತದೆ. ಕೆಲವೊಮ್ಮೆ ಇಡೀ ಪೆಟ್ಟಿಗೆ ತೆಳ್ಳಗಾಗಿ ಸ್ಲಿಮ್ ಅನ್ನುವ ಹೆಸರಲ್ಲಿ ಬರುತ್ತದೆ. ಒಂದೆರಡು ಸೌಲಭ್ಯ ಕಿತ್ತು ಅಗ್ಗದ್ದು ಮಾಡಿದರೆ ಲೈಟ್ ಅಥವಾ ಡಿಜಿಟಲ್. ಶಕ್ತಿ ಜಾಸ್ತಿ ಮಾಡಿ ದುಬಾರಿಯದು ಮಾಡಿದರೆ ಪ್ರೊ. ಹೆಸರು ಏನೇ ಇರಲಿ, ಮೊದಲ ದಿನದ ಗೇಮ್‌ಗಳು ಸಾಮಾನ್ಯವಾಗಿ ಎಲ್ಲದರಲ್ಲೂ ಓಡುತ್ತವೆ.

## ಮೊದಲ ದಿನ ನಷ್ಟಕ್ಕೆ ಯಾಕೆ ಮಾರುತ್ತಾರೆ

ನಮ್ಮ ಮನೆಗಳಲ್ಲಿ ಸೆಟ್ ಟಾಪ್ ಬಾಕ್ಸ್ ಇದೆಯಲ್ಲ, ಅದನ್ನು ನೆನಪಿಸಿಕೊಳ್ಳಿ. ಹಾಕಿಸುವಾಗ ಬಾಕ್ಸಿಗೆ ಹೆಚ್ಚು ದುಡ್ಡು ಕೇಳಲಿಲ್ಲ. ಆಮೇಲೆ ತಿಂಗಳು ತಿಂಗಳು ರೀಚಾರ್ಜ್. ಕಂಪನಿಗೆ ದುಡ್ಡು ಬರುವುದು ಆ ರೀಚಾರ್ಜಿನಿಂದ. ಬಾಕ್ಸು ಮನೆಯೊಳಗೆ ಬರಲು ಒಂದು ದಾರಿ ಅಷ್ಟೆ.

ಕನ್ಸೋಲ್ ವ್ಯಾಪಾರವೂ ಹೆಚ್ಚುಕಡಿಮೆ ಹೀಗೇ. ಅದರ ಆನ್‌ಲೈನ್ ಅಂಗಡಿಯಲ್ಲಿ ಗೇಮ್ ಮಾರಿದಾಗ ಸಾಮಾನ್ಯವಾಗಿ 30 ಪರ್ಸೆಂಟ್ ಕನ್ಸೋಲ್ ಕಂಪನಿಗೆ ಹೋಗುತ್ತದೆ. ಇಲ್ಲಿ ಪಿಎಸ್ 5ರ ದೊಡ್ಡ ಗೇಮ್ ಒಂದಕ್ಕೆ 4,999 ರೂಪಾಯಿ ಬೆಲೆ ಇಟ್ಟದ್ದಿದೆ. ತೆರಿಗೆ ಪಕ್ಕಕ್ಕಿಟ್ಟು ನೋಡಿದರೂ ಒಂದು ಗೇಮಿಗೆ ಸಾವಿರಕ್ಕಿಂತ ಹೆಚ್ಚು ಕಂಪನಿಯ ಪಾಲು. ಆರು ವರ್ಷದಲ್ಲಿ ಹುಡುಗ ಹದಿನೈದು ಗೇಮ್ ಕೊಂಡರೆ? ಆನ್‌ಲೈನ್ ಆಡಲು ವರ್ಷವರ್ಷ ಕಟ್ಟುವ ಚಂದಾ ಬೇರೆ. ಹಾಗಾಗಿ ಪೆಟ್ಟಿಗೆಯನ್ನು ಅಸಲಿಗಿಂತ ಕಮ್ಮಿಗೆ ಕೊಟ್ಟರೂ ಕಂಪನಿಗೆ ನಡೆಯುತ್ತದೆ.

ಇದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಪಿಎಸ್ 3 ಒಳ್ಳೆ ಉದಾಹರಣೆ. 2006ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅದರ 60 ಜಿಬಿ ಮಾದರಿಯ ಬೆಲೆ 599 ಡಾಲರ್. ಐಸಪ್ಲೈ ಅನ್ನುವ ಸಂಸ್ಥೆ ಅದನ್ನು ಬಿಚ್ಚಿ, ಒಂದೊಂದು ಭಾಗಕ್ಕೂ ಬೆಲೆ ಕಟ್ಟಿ, ಮಾಡುವ ಖರ್ಚು ಸುಮಾರು 840 ಡಾಲರ್ ಅಂತ ಅಂದಾಜು ಮಾಡಿತು. ಅಂದರೆ ಒಂದು ಪೆಟ್ಟಿಗೆ ಮಾರಿದರೆ 240 ಡಾಲರ್ ನಷ್ಟ. ಎಕ್ಸ್‌ಬಾಕ್ಸ್ ಪೆಟ್ಟಿಗೆ ಮಾರಿ ತಾವು ಯಾವತ್ತೂ ಲಾಭ ಮಾಡಿಲ್ಲ ಅಂತ 2021ರಲ್ಲಿ ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು ಅಮೆರಿಕದ ಕೋರ್ಟಿನಲ್ಲೇ ಹೇಳಿದರು. ನಿಂಟೆಂಡೊ ಮಾತ್ರ ಸಾಮಾನ್ಯವಾಗಿ ಬೇರೆ ದಾರಿ ಹಿಡಿಯುತ್ತದೆ. ಹಳೆಯ, ಅಗ್ಗದ ಚಿಪ್ ಬಳಸಿ ಪೆಟ್ಟಿಗೆಯಲ್ಲೂ ಲಾಭ ಇಟ್ಟುಕೊಳ್ಳುತ್ತದೆ.

ನಷ್ಟಕ್ಕೆ ಶುರು ಮಾಡಿದವರಿಗೆ ಒಂದು ಆತುರ ಇರುತ್ತದೆ. ಆದಷ್ಟು ಬೇಗ ಖರ್ಚು ಇಳಿಸಬೇಕು. ಹೊಸ ರೂಪ ಹುಟ್ಟುವುದು ಅಲ್ಲಿಂದ. ಚಂದ ಕಾಣಲಿ ಅನ್ನುವುದು ಆಮೇಲಿನ ಮಾತು.

## ಶಂಕರಪೋಳಿಯ ಲೆಕ್ಕ

ಖರ್ಚು ಇಳಿಯುವುದು ಹೇಗೆ? ಇದನ್ನು ಅಡುಗೆಮನೆಯಲ್ಲಿ ತೋರಿಸುವುದು ಸುಲಭ.

ದೀಪಾವಳಿಗೆ ಶಂಕರಪೋಳಿ ಮಾಡುವಾಗ ಹಿಟ್ಟು ಲಟ್ಟಿಸಿ ಅಗಲವಾಗಿ ಹರಡುತ್ತೇವೆ. ಆಮೇಲೆ ಚಕ್ರದ ಚಮಚದಿಂದ ಉದ್ದಕ್ಕೆ, ಓರೆಯಾಗಿ ಗೆರೆ ಎಳೆದು ಕತ್ತರಿಸುತ್ತೇವೆ. ಗೆರೆ ಹತ್ತಿರ ಹತ್ತಿರ ಎಳೆದರೆ ಅದೇ ಹಾಳೆಯಲ್ಲಿ ಜಾಸ್ತಿ ತುಂಡು. ಹಾಳೆಯಲ್ಲಿ ಒಂದು ಕಡೆ ಹಿಟ್ಟು ಹರಿದಿದೆ ಅಂತ ಇಟ್ಟುಕೊಳ್ಳಿ. ತುಂಡು ದೊಡ್ಡದಿದ್ದರೆ ಆ ದೊಡ್ಡ ತುಂಡೇ ಹಾಳು. ಸಣ್ಣದಿದ್ದರೆ ಒಂದು ಸಣ್ಣ ತುಂಡು ಮಾತ್ರ ಹೋಗುತ್ತದೆ. ಅಂಚಿನಲ್ಲಿ ಅರ್ಧಂಬರ್ಧ ಉಳಿಯುವುದೂ ಕಮ್ಮಿ.

ಕನ್ಸೋಲಿನ ಮುಖ್ಯ ಚಿಪ್ ತಯಾರಾಗುವುದು ಹೀಗೇ. ಸುಮಾರು 30 ಸೆಂಟಿಮೀಟರ್ ಅಗಲದ ದುಂಡನೆಯ ಸಿಲಿಕಾನ್ ತಟ್ಟೆ, ನಮ್ಮ ದೋಸೆ ಕಾವಲಿಯಷ್ಟು. ಅದರ ಮೇಲೆ ನೂರಾರು ಚಿಪ್‌ಗಳನ್ನು ಒಟ್ಟಿಗೆ ಮೂಡಿಸಿ ಕತ್ತರಿಸುತ್ತಾರೆ. ದುಡ್ಡು ಕೊಡುವುದು ತಟ್ಟೆಗೆ. ಹಾಗಾಗಿ ಒಂದು ತಟ್ಟೆಯಲ್ಲಿ ಎಷ್ಟು ಒಳ್ಳೆ ಚಿಪ್ ಸಿಕ್ಕಿತು ಅನ್ನುವುದರ ಮೇಲೆ ಒಂದು ಚಿಪ್ಪಿನ ಬೆಲೆ ನಿಲ್ಲುತ್ತದೆ. ನ್ಯಾನೋಮೀಟರ್ ಅಂತ ಸುದ್ದಿಯಲ್ಲಿ ಬರುವ ಪದ ಇದಕ್ಕೇ ಸಂಬಂಧಿಸಿದ್ದು. ಆ ಸಂಖ್ಯೆ ಇಳಿದಷ್ಟೂ ಚಿಪ್ಪಿನ ಒಳಗಿನ ಕುಸುರಿ ಸಣ್ಣದಾಯಿತು ಅಂತ ಅರ್ಥ.

ಪಿಎಸ್ 5ರಲ್ಲಿ ಇದು 2022ರಲ್ಲಿ ನಡೆಯಿತು. ಹೊರಗಿನ ಪೆಟ್ಟಿಗೆ ಹಾಗೇ ಇತ್ತು, ಪೇಪರಿನಲ್ಲಿ ಜಾಹೀರಾತೂ ಬರಲಿಲ್ಲ. ಆದರೆ ಒಳಗಿನ ಚಿಪ್ 7 ನ್ಯಾನೋಮೀಟರ್‌ನಿಂದ 6ಕ್ಕೆ ಬಂದಿತ್ತು. ಬಿಚ್ಚಿ ಅಳೆದವರ ಪ್ರಕಾರ ಚಿಪ್ಪಿನ ವಿಸ್ತೀರ್ಣ ಸುಮಾರು 300 ಚದರ ಮಿಲಿಮೀಟರ್‌ನಿಂದ ಸುಮಾರು 260ಕ್ಕೆ ಇಳಿದಿತ್ತು. ನಾನು ಕೂತು ಲೆಕ್ಕ ಹಾಕಿದೆ. ಅಂಚಿನ ಚೂರು ಬಿಟ್ಟರೂ ಒಂದು ತಟ್ಟೆಯಲ್ಲಿ ಮೂವತ್ತಕ್ಕೂ ಜಾಸ್ತಿ ಚಿಪ್ ಹೆಚ್ಚು ಸಿಗುತ್ತದೆ.

ಚಿಪ್ ಸಣ್ಣದಾದರೆ ಅದರ ಹಿಂದೆ ಒಂದೊಂದೇ ಸಣ್ಣದಾಗುತ್ತಾ ಹೋಗುತ್ತದೆ. ಕರೆಂಟ್ ಕಮ್ಮಿ ಸಾಕು. ಕರೆಂಟ್ ಕಮ್ಮಿ ಅಂದರೆ ಬಿಸಿ ಕಮ್ಮಿ. ಬಿಸಿ ಕಮ್ಮಿಯಾದರೆ ಅದನ್ನು ಹೀರುವ ಲೋಹದ ಗಟ್ಟಿ ಚಿಕ್ಕದು ಸಾಕು. ಹುಡುಗನ ಕೈಗೆ ಭಾರ ಅನ್ನಿಸಿದ ನಾಲ್ಕೂವರೆ ಕಿಲೋದಲ್ಲಿ ಆ ಲೋಹದ ಪಾಲು ದೊಡ್ಡದು. ಅದು ಇಳಿದರೆ ಪೆಟ್ಟಿಗೆ ಚಿಕ್ಕದು, ರಟ್ಟಿನ ಡಬ್ಬ ಚಿಕ್ಕದು. ಒಂದು ಕಂಟೇನರ್‌ನಲ್ಲಿ ಜಾಸ್ತಿ ಡಬ್ಬ ಹಿಡಿಸುತ್ತವೆ. ಕಂಟೇನರಿನ ಬಾಡಿಗೆ ಅಷ್ಟೇ ಇರುತ್ತದೆ, ಹಂಚಿಕೊಳ್ಳುವ ಡಬ್ಬಗಳು ಹೆಚ್ಚಾಗುತ್ತವೆ.

ಇನ್ನು ಕೆಲವು ಉಳಿತಾಯಕ್ಕೆ ದೊಡ್ಡ ತಂತ್ರಜ್ಞಾನವೇ ಬೇಡ. 2012ರಲ್ಲಿ ಬಂದ ಪಿಎಸ್ 3ರ ಮೂರನೇ ರೂಪವನ್ನು ನೋಡಿ. ಮೊದಲು ಡಿಸ್ಕನ್ನು ಸಂದಿಗೆ ಇಟ್ಟರೆ ಮೋಟರು ತಾನೇ ಒಳಗೆ ಎಳೆದುಕೊಳ್ಳುತ್ತಿತ್ತು. ಹೊಸದರಲ್ಲಿ ಮೇಲಿನ ಮುಚ್ಚಳವನ್ನು ಕೈಯಿಂದಲೇ ಸರಿಸಿ ಡಿಸ್ಕ್ ಇಡಬೇಕು. ಒಳಗೆಳೆಯುವ ಯಂತ್ರ ಹೋಯಿತು, ಅದರ ಖರ್ಚೂ ಹೋಯಿತು.

## ಉಳಿದ ದುಡ್ಡು ಯಾರಿಗೆ

ಈಗ ಹುಡುಗನ ಪ್ರಶ್ನೆಗೆ ಬರೋಣ. ಖರ್ಚು ಇಳಿದದ್ದು ನಿಜ. ಆದರೆ ಅಂಗಡಿಯ ಬೆಲೆ ಬರೆಯುವವರು ಬೇರೆ ಮೇಜಿನಲ್ಲಿ ಕೂತಿರುತ್ತಾರೆ. ಅವರು ಮೊದಲು ನೋಡುವುದು ಖರ್ಚನ್ನಲ್ಲ. ಗಿರಾಕಿ ಬರುತ್ತಿದ್ದಾನಾ, ಪಕ್ಕದ ಅಂಗಡಿಯವನು ಎಷ್ಟಕ್ಕೆ ಕೊಡುತ್ತಿದ್ದಾನೆ, ಇದನ್ನು.

ಉಳಿತಾಯ ಕೊಳ್ಳುವವರಿಗೆ ಬಂದ ಸಂದರ್ಭ: ಪಿಎಸ್ 3 ಸ್ಲಿಮ್, 2009. ಸೋನಿ ಆಗ ಕಷ್ಟದಲ್ಲಿತ್ತು. ಎಕ್ಸ್‌ಬಾಕ್ಸ್ 360 ಅದಕ್ಕಿಂತ ಅಗ್ಗಕ್ಕೆ ಸಿಗುತ್ತಿತ್ತು, ನಿಂಟೆಂಡೊದ ವೀ ಕೂಡ ಅಗ್ಗ. ದುಬಾರಿ ಪೆಟ್ಟಿಗೆ ಅಂತ ಪಿಎಸ್ 3ಕ್ಕೆ ಹೆಸರು ಅಂಟಿಕೊಂಡಿತ್ತು. ಆಗಸ್ಟ್‌ನಲ್ಲಿ ಸೋನಿ ಸ್ಲಿಮ್ ತೋರಿಸಿತು. ಗಾತ್ರ, ತೂಕ, ಕರೆಂಟು ಎಲ್ಲವೂ ಮೊದಲಿನ ಮೂರರಲ್ಲಿ ಎರಡು ಪಾಲು. ಬೆಲೆ 399ರಿಂದ 299 ಡಾಲರ್. ಜನ ಬೇಕಾಗಿದ್ದರು, ಹಾಗಾಗಿ ಉಳಿದದ್ದನ್ನು ಜನರಿಗೆ ಬಿಟ್ಟುಕೊಟ್ಟಿತು. ಐಸಪ್ಲೈ ಅಂದಾಜಿನಲ್ಲಿ ಆ ಬೆಲೆಗೂ ಇನ್ನೂ ಸ್ವಲ್ಪ ನಷ್ಟವೇ ಇತ್ತು.

ಉಳಿತಾಯ ಕಂಪನಿಗೇ ಉಳಿದ ಸಂದರ್ಭ: ಮುಚ್ಚಳ ಸರಿಸುವ ಆ ಮೂರನೇ ರೂಪ, 2012. ಆ ಹೊತ್ತಿಗೆ 160 ಜಿಬಿ ಸ್ಲಿಮ್ ಅಮೆರಿಕದಲ್ಲಿ 249 ಡಾಲರ್ ಇತ್ತು. ಹೊಸದಕ್ಕೆ 269. ಬೆಲೆ ಏರಿತು ಅನ್ನಿಸದ ಹಾಗೆ ಗೇಮ್ ತುಂಬಿಡಲು 250 ಜಿಬಿ ಜಾಗ ಕೊಟ್ಟು, ಜೊತೆಗೆ ಒಂದು ಗೇಮ್ ಇಟ್ಟರು. ನಮ್ಮ ಕಡೆ ಸೀರೆ ಅಂಗಡಿಯಲ್ಲಿ ಬೆಲೆ ಇಳಿಸದೆ ಒಂದು ಬ್ಲೌಸ್ ಪೀಸ್ ಸೇರಿಸುತ್ತಾರಲ್ಲ, ಹಾಗೆ. ಬೆಲೆ ಒಮ್ಮೆ ಇಳಿಸಿದರೆ ಮತ್ತೆ ಏರಿಸುವುದು ಕಷ್ಟ. ಜೊತೆಗೆ ಕೊಟ್ಟ ಗೇಮನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು.

ಪಿಎಸ್ 5 ಸ್ಲಿಮ್ ಎರಡನೇ ಸಾಲಿಗೇ ಸೇರುತ್ತದೆ. 2023ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಬಂದಾಗ ಡಿಸ್ಕ್ ಇರುವುದಕ್ಕೆ 499 ಡಾಲರ್, 2020ರಲ್ಲಿ ಇದ್ದಷ್ಟೇ. ಡಿಜಿಟಲ್ ಮಾದರಿ ಮಾತ್ರ 399ರಿಂದ 449ಕ್ಕೆ ಏರಿತು. ಜಾಗ 825 ಜಿಬಿಯಿಂದ 1 ಟಿಬಿ, ಅಂದರೆ 1,000 ಜಿಬಿ ಆಯಿತು. ಆದರೆ ನಿಲ್ಲಿಸಿಡುವ ಸ್ಟ್ಯಾಂಡ್ ಮೊದಲು ಡಬ್ಬದಲ್ಲೇ ಬರುತ್ತಿತ್ತು, ಈಗ ಬೇರೆ ಕೊಳ್ಳಬೇಕು. ಅದಕ್ಕೆ 29 ಡಾಲರ್. ಸೋನಿಗೆ ಆಗ ಗಿರಾಕಿಗಳ ಚಿಂತೆ ಇರಲಿಲ್ಲ. ಎರಡು ವರ್ಷ ಪೆಟ್ಟಿಗೆ ಸಿಗದೆ ಜನ ಕಾದು ಕೂತಿದ್ದರು. ಎಕ್ಸ್‌ಬಾಕ್ಸ್ ಬಹಳ ಹಿಂದೆ ಬಿದ್ದಿತ್ತು. ಪೈಪೋಟಿ ಕೊಡುವವರು ಇಲ್ಲದಾಗ ಬೆಲೆ ಇಳಿಸುವ ಕಾರಣವೂ ಇರುವುದಿಲ್ಲ. ನನಗೆ ಇದು ಖುಷಿ ಕೊಡುವ ಉತ್ತರ ಅಲ್ಲ, ಆದರೆ ಸರಿಯಾದ ಉತ್ತರ ಇದೇ.

ಬೆಲೆ ಇಳಿಸಲು ಹೊಸ ರೂಪವೇ ಬೇಕು ಅಂತಲೂ ಇಲ್ಲ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊದ 3ಡಿಎಸ್ 2011ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 249 ಡಾಲರಿಗೆ ಬಂತು. ಯಾರೂ ಕೊಳ್ಳಲಿಲ್ಲ ಅನ್ನುವಂತಾಯಿತು. ಆಗಸ್ಟ್‌ನಲ್ಲಿ ಅದೇ ಪೆಟ್ಟಿಗೆ 169 ಡಾಲರ್. ಮೊದಲೇ ಕೊಂಡವರ ಹೊಟ್ಟೆ ಉರಿಯುತ್ತದೆ ಅಲ್ವಾ? ಅವರಿಗೆ 20 ಹಳೆಯ ಗೇಮ್‌ಗಳನ್ನು ಪುಕ್ಕಟೆ ಕೊಟ್ಟರು. ಕಂಪನಿಯ ಅಧ್ಯಕ್ಷ ಸಟೋರು ಇವಾಟ ತಮ್ಮ ಸಂಬಳವನ್ನು ಅರ್ಧ ಮಾಡಿಕೊಂಡರು. ಮೊದಲ ದಿನ ನಂಬಿ ಕೊಂಡವರನ್ನು ಹೀಗೆ ನೆನಪಿಟ್ಟುಕೊಂಡದ್ದು ನನಗೆ ತುಂಬಾ ಇಷ್ಟವಾದ ಸಂಗತಿ.

ಹೊಸ ರೂಪದ ಸುದ್ದಿಯನ್ನು ಕಂಪನಿಗಳು ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಕಾರಣ ಸರಳ. ಮುಂದಿನ ತಿಂಗಳು ಹೊಸದು ಬರುತ್ತದೆ ಅಂತ ಗೊತ್ತಾದರೆ ಇವತ್ತು ಹಳೆಯದನ್ನು ಯಾರು ಕೊಳ್ಳುತ್ತಾರೆ? ಅಂಗಡಿಯಲ್ಲಿ ಪೇರಿಸಿಟ್ಟ ಮಾಲು ಹಾಗೇ ಉಳಿಯುತ್ತದೆ. ಎಕ್ಸ್‌ಬಾಕ್ಸ್ 360ರ ತೆಳ್ಳನೆಯ ರೂಪ 2010ರ ಜೂನ್‌ನಲ್ಲಿ ಬಂದಾಗ ಘೋಷಿಸಿದ ವಾರದಲ್ಲೇ ಅಂಗಡಿಗೂ ಬಂದಿತ್ತು. ಹೊಸದಕ್ಕೆ 299 ಡಾಲರ್ ಇಟ್ಟರು. ಅಲ್ಲಿಯವರೆಗೆ ಅಷ್ಟೇ ಬೆಲೆ ಇದ್ದ ಹಳೆಯ ಎಲೀಟ್ ಮಾದರಿಯನ್ನು 249ಕ್ಕೆ ಇಳಿಸಿ ಖಾಲಿ ಮಾಡಿದರು. ಹಾಗಾಗಿ ಹೊಸ ರೂಪ ಬಂದಾಗ ಲಾಭ ಸಿಗುವುದು ಬಹಳ ಸಲ ಹಳೆಯ ರೂಪ ಕೊಳ್ಳುವವರಿಗೆ.

## ಕಟಿಂಗ್ ಚಾಯ್ ಅರ್ಧ ಬೆಲೆಗೆ ಸಿಗುವುದಿಲ್ಲ

ಮುಂಬೈಯಲ್ಲಿ ಕಟಿಂಗ್ ಕುಡಿಯದವರು ಯಾರು? ಅರ್ಧ ಗ್ಲಾಸ್ ಚಹಾ. ಆದರೆ ಬೆಲೆ ಪೂರ್ತಿ ಗ್ಲಾಸಿನ ಅರ್ಧ ಇರುವುದಿಲ್ಲ, ಸ್ವಲ್ಪ ಜಾಸ್ತಿ ಇರುತ್ತದೆ. ಆದರೂ ಅದು ಎಲ್ಲರಿಗೂ ಅನುಕೂಲ. ಪೂರ್ತಿ ಗ್ಲಾಸಿಗೆ ದುಡ್ಡು ಕೊಡದವನೂ ಗಾಡಿಯ ಮುಂದೆ ನಿಲ್ಲುತ್ತಾನೆ.

ಒಂದೇ ವಸ್ತುವನ್ನು ಹಲವು ಅಳತೆಯಲ್ಲಿ ಮಾಡಿ, ಬೇರೆ ಬೇರೆ ಜೇಬಿಗೆ ಬೇರೆ ಬೇರೆ ಬೆಲೆ ಇಡುವುದು ಬಹಳ ಹಳೆಯ ಲೆಕ್ಕ. ನಿಂಟೆಂಡೊ ಸ್ವಿಚ್ ಇದನ್ನು ಚೊಕ್ಕವಾಗಿ ತೋರಿಸುತ್ತದೆ. 2017ರಲ್ಲಿ ಮೊದಲ ಸ್ವಿಚ್ 299 ಡಾಲರ್. ಅದನ್ನು ಟಿವಿಗೂ ಹಾಕಬಹುದು, ಕೈಯಲ್ಲೂ ಆಡಬಹುದು. 2019ರಲ್ಲಿ ಲೈಟ್ ಬಂತು, 199 ಡಾಲರ್. ಟಿವಿಗೆ ಹಾಕಲು ಬರುವುದಿಲ್ಲ, ಅಕ್ಕಪಕ್ಕದ ಕಂಟ್ರೋಲರ್ ಬಿಚ್ಚಲು ಬರುವುದಿಲ್ಲ. 2021ರಲ್ಲಿ ಒಲೆಡ್ ಪರದೆಯ ಮಾದರಿ, 349 ಡಾಲರ್. ಪರದೆ 6.2 ಇಂಚಿನಿಂದ 7 ಇಂಚಾಯಿತು, ಬಣ್ಣ ಚೆನ್ನಾಗಿ ಕಾಣುತ್ತದೆ. ಒಳಗಿನ ಶಕ್ತಿ ಅಷ್ಟೇ. ನಾಲ್ಕು ವರ್ಷ ಹಳೆಯದಾದ ಯಂತ್ರಕ್ಕೆ ಹೀಗೆ ಮೊದಲಿಗಿಂತ 50 ಡಾಲರ್ ಜಾಸ್ತಿ ಬೆಲೆ ಬಂತು. ನಡುವಿನದನ್ನು 299ರಲ್ಲೇ ಬಿಟ್ಟರು. ಮೂರು ಅಕ್ಕಪಕ್ಕ ಇದ್ದಾಗ ನೋಡುವವರ ಕಣ್ಣಿಗೆ ಒಂದು ಬೆಲೆ ಇನ್ನೊಂದನ್ನು ಸಮರ್ಥಿಸುತ್ತದೆ.

ಡಿಸ್ಕ್ ಇಲ್ಲದ ಮಾದರಿ ಇನ್ನೂ ಸೂಕ್ಷ್ಮ. ಕೊಳ್ಳುವಾಗ ಅದು ಅಗ್ಗ. ಆದರೆ ಆಮೇಲೆ ಗೇಮ್ ಬೇಕಾದರೆ ಒಂದೇ ಅಂಗಡಿ, ಕಂಪನಿಯದ್ದು. ಡಿಸ್ಕ್ ಆದರೆ 4,999 ಕೊಟ್ಟು ತಂದು, ಆಡಿ ಮುಗಿಸಿ, ಯಾರಿಗಾದರೂ ಮಾರಬಹುದು. ಗೆಳೆಯನಿಗೆ ಕೊಟ್ಟು ಅವನದ್ದು ತರಬಹುದು. ಹೀಗೆ ಕೈ ಬದಲಾಗುವ ಡಿಸ್ಕಿನಲ್ಲಿ ಕಂಪನಿಗೆ ಒಂದು ಪೈಸೆ ಇಲ್ಲ. ಡಿಸ್ಕ್ ಡ್ರೈವ್ ಕಿತ್ತು ಪೆಟ್ಟಿಗೆಯ ಮೇಲೆ ಕೊಡುವ ರಿಯಾಯಿತಿ ಆ ದಾರಿ ಮುಚ್ಚಿದ್ದಕ್ಕೆ ಕೊಡುವ ಬೆಲೆ.

ಸ್ಲಿಮ್‌ನಲ್ಲಿ ಡಿಸ್ಕ್ ಡ್ರೈವ್ ಆಮೇಲೆ ಜೋಡಿಸಬಹುದು, ಒಳ್ಳೆಯದೇ. ಆದರೆ ಕೂಡಿ ನೋಡಿ. ಅಮೆರಿಕದ ಮೊದಲ ಬೆಲೆಯಲ್ಲಿ ಡಿಜಿಟಲ್ 449, ಡ್ರೈವ್ 79, ಸೇರಿ ಸುಮಾರು 530 ಡಾಲರ್. ಮೊದಲೇ ಡಿಸ್ಕ್ ಇರುವುದನ್ನು ಕೊಂಡಿದ್ದರೆ 499. ಪಿಎಸ್ 5 ಪ್ರೊ 2024ರ ನವೆಂಬರ್‌ನಲ್ಲಿ 699 ಡಾಲರಿಗೆ ಬಂದಾಗ ಅದರಲ್ಲೂ ಡ್ರೈವ್ ಇರಲಿಲ್ಲ, ಸ್ಟ್ಯಾಂಡೂ ಇರಲಿಲ್ಲ. ಎರಡನ್ನೂ ಸೇರಿಸಿದರೆ 800 ದಾಟುತ್ತದೆ. ಬೋರ್ಡಿನಲ್ಲಿ ಬರೆದ ಬೆಲೆ ನೋಡಿ ಒಳಗೆ ಹೋದವರು ಎಕ್ಸ್‌ಟ್ರಾ ಸೇರಿದ ಬಿಲ್ ಹಿಡಿದು ಹೊರಗೆ ಬರುತ್ತಾರೆ.

## ಇಳಿಯುತ್ತಿದ್ದದ್ದು ಏರುತ್ತಿರುವುದು ಯಾಕೆ

ನಮ್ಮ ತಲೆಮಾರಿಗೆ ಗೊತ್ತಿದ್ದ ನಿಯಮ ಒಂದೇ: ಕಾದರೆ ಅಗ್ಗವಾಗುತ್ತದೆ. ಪಿಎಸ್ 2 ಅಮೆರಿಕದಲ್ಲಿ 2000ದಲ್ಲಿ 299 ಡಾಲರ್, 2009ರಲ್ಲಿ 99. ಪಿಎಸ್ 4 ಶುರುವಾದದ್ದು 2013ರಲ್ಲಿ 399ಕ್ಕೆ. ಮೂರೇ ವರ್ಷಕ್ಕೆ ಅದರ ಸ್ಲಿಮ್ 299. ಈಗ ಪಿಎಸ್ 5 ನೋಡಿ. 499ಕ್ಕೆ ಶುರುವಾಗಿ ಐದು ವರ್ಷ ಆಗುವ ಹೊತ್ತಿಗೆ, 2025ರ ಆಗಸ್ಟ್‌ನಲ್ಲಿ, ಡಿಸ್ಕ್ ಮಾದರಿ 549 ಆಯಿತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅದೇ ವರ್ಷ ಮೇ ತಿಂಗಳಲ್ಲಿ 599, ಅಕ್ಟೋಬರ್‌ನಲ್ಲಿ 649. ಎಂಟು ವರ್ಷ ಹಳೆಯ ಸ್ವಿಚ್ ಕೂಡ 299ರಿಂದ 339ಕ್ಕೆ ಹೋಯಿತು.

ಕಾರಣಗಳು ಒಂದರ ಮೇಲೊಂದು ಬಂದಿವೆ. ಎಲ್ಲಕ್ಕಿಂತ ಆಳದ್ದು ಶಂಕರಪೋಳಿಗೆ ಸಂಬಂಧಿಸಿದ್ದು. ಮೊದಲು ತುಂಡು ಸಣ್ಣದಾದರೆ ಖರ್ಚು ಇಳಿಯುತ್ತಿತ್ತು, ಯಾಕೆಂದರೆ ತಟ್ಟೆಯ ಬೆಲೆ ಅಷ್ಟಾಗಿ ಏರುತ್ತಿರಲಿಲ್ಲ. ಈಗ ಹೆಚ್ಚು ನಾಜೂಕಿನ ತಟ್ಟೆಯೇ ಬಹಳ ದುಬಾರಿ. ಜಾಸ್ತಿ ತುಂಡು ಸಿಕ್ಕರೂ ಒಂದೊಂದು ತುಂಡಿನ ಬೆಲೆ ಇಳಿಯದು. ಪಿಎಸ್ 3ರ ಚಿಪ್ ತನ್ನ ಆಯುಷ್ಯದಲ್ಲಿ 90 ನ್ಯಾನೋಮೀಟರ್‌ನಿಂದ 65ಕ್ಕೆ, ಆಮೇಲೆ 45ಕ್ಕೆ ಬಂತು. ಅಂದರೆ ಎರಡು ದೊಡ್ಡ ಹೆಜ್ಜೆ. ಪಿಎಸ್ 5ಕ್ಕೆ ಸಿಕ್ಕಿದ್ದು 7ರಿಂದ 6ರ ಒಂದು ಪುಟ್ಟ ಹೆಜ್ಜೆ.

ಅದರ ಮೇಲೆ ಅಮೆರಿಕ 2025ರಲ್ಲಿ ಹಾಕಿದ ಆಮದು ಸುಂಕ. ಅದರ ಮೇಲೆ ಮೆಮೊರಿ ಚಿಪ್‌ಗಳ ಬೆಲೆ. ಎಐ ಕೇಂದ್ರಗಳು ಮೆಮೊರಿಯನ್ನು ಲಾರಿಗಟ್ಟಲೆ ಕೊಳ್ಳುತ್ತಿರುವುದರಿಂದ 2025ರ ಕೊನೆಗೆ ಅದರ ದರ ಜಿಗಿಯಿತು.

ಬೆಲೆ ಏರಿಸದೆ ಏರಿಸುವ ದಾರಿಯೂ ಇದೆ. ಬಿಸ್ಕೆಟ್ ಪ್ಯಾಕೆಟ್ ಐದು ರೂಪಾಯಿಯಲ್ಲೇ ಇರುತ್ತದೆ, ಒಳಗೆ ಬಿಸ್ಕೆಟ್ ಕಮ್ಮಿಯಾಗುತ್ತಾ ಹೋಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಯುರೋಪಿನಲ್ಲಿ ಬಂದ ಪಿಎಸ್ 5 ಡಿಜಿಟಲ್‌ನ ಪರಿಷ್ಕೃತ ಮಾದರಿಯಲ್ಲಿ ಜಾಗ 1 ಟಿಬಿಯಿಂದ ಮತ್ತೆ 825 ಜಿಬಿಗೆ ಇಳಿಯಿತು. ಬೆಲೆ ಅಷ್ಟೇ ಇತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ.

## ನಮ್ಮ ಕೈಗೆ ಬರುವ ಎಂಆರ್‌ಪಿ

"ಅಮೆರಿಕದಲ್ಲಿ ಐನೂರು ಡಾಲರ್, ಇಲ್ಲಿ ಯಾಕೆ ಇಷ್ಟು?" ಅಂತ ಎಲ್ಲರೂ ಕೇಳುತ್ತಾರೆ. ಒಂದು ಒರಟು ಲೆಕ್ಕ ಹಾಕೋಣ. ಸ್ಲಿಮ್ ಭಾರತಕ್ಕೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ಡಿಸ್ಕ್ ಮಾದರಿಗೆ 54,990, ಡಿಜಿಟಲ್‌ಗೆ 44,990 ರೂಪಾಯಿ. ಆಗ ಡಾಲರ್ ಸುಮಾರು 83 ರೂಪಾಯಿ. 499 ಡಾಲರ್ ಅಂದರೆ 41,500 ರೂಪಾಯಿ. ಅಮೆರಿಕದ ಬೆಲೆಯಲ್ಲಿ ಅಲ್ಲಿನ ಮಾರಾಟ ತೆರಿಗೆ ಸೇರಿರುವುದಿಲ್ಲ, ನಮ್ಮ ಎಂಆರ್‌ಪಿಯಲ್ಲಿ ಜಿಎಸ್‌ಟಿ ಸೇರಿರುತ್ತದೆ. 18 ಪರ್ಸೆಂಟ್ ಸೇರಿಸಿ, ಸುಮಾರು 49,000 ಆಯಿತು. ಉಳಿದ ವ್ಯತ್ಯಾಸದ ಹಿಂದೆ ಕಸ್ಟಮ್ಸ್ ಸುಂಕ, ಸಾಗಣೆ, ವಿತರಕರ ಪಾಲು ಇಂಥವು ಇರುತ್ತವೆ. 54,990ರಲ್ಲಿ ಜಿಎಸ್‌ಟಿ ಒಂದೇ 8,388 ರೂಪಾಯಿ. ಹೀಗೆ ಬಿಡಿಸಿ ಬರೆದರೆ ಯಾರೋ ಸುಲಿಗೆ ಮಾಡುತ್ತಿದ್ದಾರೆ ಅನ್ನುವ ಅನುಮಾನ ಸ್ವಲ್ಪ ಕರಗುತ್ತದೆ.

ರೂಪಾಯಿಯ ಪಾತ್ರ ಇನ್ನೂ ದೊಡ್ಡದು. ಪಿಎಸ್ 5 ಇಲ್ಲಿ 2021ರ ಫೆಬ್ರವರಿಯಲ್ಲಿ 49,990ಕ್ಕೆ ಬಂತು. 2022ರ ನವೆಂಬರ್‌ನಲ್ಲಿ 54,990 ಆಯಿತು. ಐದು ಸಾವಿರ ಏರಿಕೆ ಅಂತ ಎಲ್ಲರೂ ಬೈದರು. ಡಾಲರ್ ಲೆಕ್ಕ ನೋಡಿ. ಮೊದಲು ಡಾಲರಿಗೆ ಸುಮಾರು 73 ರೂಪಾಯಿ, ಆಮೇಲೆ ಸುಮಾರು 82. ಅಂದರೆ 685 ಡಾಲರ್ ಇದ್ದದ್ದು 670 ಆಯಿತು! ಸೋನಿಗೆ ಸಿಗುವ ಡಾಲರ್ ಒಂದಿಷ್ಟು ಕಮ್ಮಿಯೇ ಆಗಿತ್ತು. ನಮಗೆ ಮಾತ್ರ ಐದು ಸಾವಿರ ಜಾಸ್ತಿ.

ಕೆಲವು ಮಾದರಿಗಳಿಗೆ ಇಲ್ಲಿ ಎಂಆರ್‌ಪಿಯೇ ಇರುವುದಿಲ್ಲ. ಪಿಎಸ್ 5 ಪ್ರೊ ಹೊರಬಂದಾಗ ಭಾರತಕ್ಕೆ ಬರಲಿಲ್ಲ. ಅದರ ಹೊಸ ವೈ-ಫೈ ಬಳಸುವ 6 ಗಿಗಾಹರ್ಟ್ಜ್ ತರಂಗಾಂತರಕ್ಕೆ ಇಲ್ಲಿ ಆಗ ಅನುಮತಿ ಇರಲಿಲ್ಲ ಅನ್ನುವುದು ಸೋನಿ ಕೊಟ್ಟ ಕಾರಣ. ನಿಂಟೆಂಡೊ ಸ್ವಿಚ್ ಎಷ್ಟೋ ವರ್ಷ ಇಲ್ಲಿ ಅಧಿಕೃತವಾಗಿ ಮಾರದೆಯೇ ಮನೆಮನೆಗೆ ಬಂದಿದೆ. ಇಂಥವು ದುಬೈ, ಸಿಂಗಾಪುರದ ಕಡೆಯಿಂದ ಬರುವ ಮಾಲು. ಅಂಗಡಿಯಿಂದ ಅಂಗಡಿಗೆ ಬೆಲೆ ಬೇರೆ. "ಬಿಲ್ ಕೆ ಸಾಥ್ ಯಾ ಬಿನಾ ಬಿಲ್?" (ಬಿಲ್ ಜೊತೆಗೋ, ಬಿಲ್ ಇಲ್ಲದೆಯೋ?) ಅನ್ನುವ ಪ್ರಶ್ನೆ ಬಂದರೆ ವಾರಂಟಿಯ ಆಸೆ ಬಿಡಬೇಕು.

## ಮತ್ತೆ ಆ ಕೌಂಟರ್ ಮುಂದೆ

ಹುಡುಗನಿಗೆ ಡಬ್ಬದ ಅಡಿ ತೋರಿಸಿದೆ. ಸಿಎಫ್‌ಐ ಅಂತ ಶುರುವಾಗುವ ಒಂದು ಸಂಖ್ಯೆ ಇರುತ್ತದೆ. 1000 ಸರಣಿ ಮೊಟ್ಟಮೊದಲನೆಯದು. 1200 ಅಂದರೆ ಹೊರಗೆ ಹಳೆಯ ರೂಪ, ಒಳಗೆ 6 ನ್ಯಾನೋಮೀಟರ್ ಚಿಪ್. 2000 ಅಂದರೆ ಸ್ಲಿಮ್. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣ, ಗೀರು ನೋಡುವ ಮೊದಲು ಇದನ್ನು ನೋಡಬೇಕು. ಕೌಂಟರ್ ಮೇಲಿದ್ದ ದಪ್ಪನೆಯದು 1000 ಸರಣಿಯದ್ದು, ವಾರಂಟಿ ಮುಗಿದಿತ್ತು. ಅದನ್ನು ಪಕ್ಕಕ್ಕೆ ಸರಿಸಿದೆವು.

ಉಳಿದ ಎರಡರಲ್ಲಿ ಯಾವುದು ಅನ್ನುವುದನ್ನು ಅವನೇ ಲೆಕ್ಕ ಹಾಕಿದ. ಅಂಗಡಿಯವರ ಹತ್ತಿರ ಒಂದು ಚೀಟಿ, ಪೆನ್ನು ಕೇಳಿಕೊಂಡ. ಎರಡು ಪೆಟ್ಟಿಗೆಯ ಬೆಲೆಯ ವ್ಯತ್ಯಾಸ ಒಂದು ಕಡೆ ಬರೆದ. ಇನ್ನೊಂದು ಕಡೆ ನಮ್ಮ ಬಿಲ್ಡಿಂಗಿನ ಹುಡುಗರ ಹೆಸರು ಬರೆದು, ಯಾರ ಹತ್ತಿರ ಯಾವ ಡಿಸ್ಕ್ ಇದೆ ಅಂತ ನೆನಪಿನಿಂದ ಪಟ್ಟಿ ಮಾಡಿದ. ಆರು ಡಿಸ್ಕ್ ಆಯಿತು.

"ಡಿಸ್ಕ್ ಇರೋದೇ ತಗೊಳ್ಳೋಣ ಅತ್ತೆ. ಎರಡು ಗೇಮ್ ಹೊರಗಿಂದ ತಂದ್ರೂ ಸಾಕು, ಇದರ ದುಡ್ಡು ವಾಪಸ್ ಬಂದ ಹಾಗೆ."

ಬಿಲ್ಲಿನ ಮೇಲೆ ಮಾಡೆಲ್ ನಂಬರನ್ನೂ ಸೀರಿಯಲ್ ನಂಬರನ್ನೂ ಬರೆಸಿಕೊಂಡು, ಸೀಲ್ ಹಾಕಿಸಿಕೊಂಡು ಹೊರಟೆವು. ದಾದರಿನಲ್ಲಿ ಕಲ್ಯಾಣ್ ಫಾಸ್ಟ್ ಕಿಕ್ಕಿರಿದು ಬಂತು. ಡಬ್ಬವನ್ನು ತಲೆಯ ಮೇಲಿನ ರ‍್ಯಾಕಿಗೆ ಏರಿಸಲು ಅವನು ಒಪ್ಪಲಿಲ್ಲ. ಡೊಂಬಿವಲಿಯವರೆಗೂ ಎದೆಗೆ ಒತ್ತಿ ಹಿಡಿದುಕೊಂಡೇ ನಿಂತಿದ್ದ.